ಅತ್ತೆಯ ದಂಡು, ಮಾವನ ಉಗ್ರಾಣ

ನಮ್ಮ ಅತ್ತೆ ಸೈನ್ಯದಲ್ಲಿ ಒಂದು ದಿನವೂ ಕೆಲಸ ಮಾಡಿದವರಲ್ಲ. ಇದು ನಮ್ಮ ದೇಶಕ್ಕಾದ ನಷ್ಟವೋ ಅಕ್ಕಪಕ್ಕದ ದೇಶಗಳ ಪುಣ್ಯವೋ, ನಾನು ಹೇಳಲಾರೆ!

ಸೈನ್ಯದಲ್ಲಿ ಇದ್ದವರು ಮಾವ. ಇಪ್ಪತ್ತನಾಲ್ಕು ವರ್ಷ ರೇಷನ್ ವಿಭಾಗದಲ್ಲಿ ಹಿಟ್ಟು, ಬೇಳೆ, ಸೀಮೆಎಣ್ಣೆ, ಆಲೂಗಡ್ಡೆ ತೂಗಿ ಕೊಟ್ಟು, ಹವಾಲ್ದಾರರಾಗಿ ನಿವೃತ್ತರಾಗಿ ಹಾಸನಕ್ಕೆ ಬಂದು ಮನೆ ಕಟ್ಟಿಸಿದವರು. ಬಹಳ ಮೆದು ಮನುಷ್ಯ. ಒಂದು ಲೋಟ ನೀರು ಬೇಕಾದರೂ ‘ಇದೆಯಾ?’ ಎಂದು ಕೇಳುವವರು, ‘ಕೊಡು’ ಎನ್ನುವವರಲ್ಲ. ರೈಲಿಳಿದ ದಿನವೇ ಮಾವನನ್ನು ಮಿಲಿಟರಿ ಬಿಟ್ಟಿತು. ಆದರೆ ಅದು ಪೂರ್ತಿ ಹೋಗಲಿಲ್ಲ, ಪಕ್ಕದಲ್ಲಿ ಟ್ರಂಕು ಹಿಡಿದು ನಿಂತಿದ್ದ ಅತ್ತೆಯ ಮೈಮೇಲೆ ಬಂತು.

ಅತ್ತೆ ಎಂದರೆ ನಮ್ಮ ಅಪ್ಪನ ಅಕ್ಕ. ಮೂವರು ತಮ್ಮಂದಿರಿಗೆ ಒಬ್ಬಳೇ ಅಕ್ಕ. ಕ್ವಾರ್ಟರ್ಸುಗಳಲ್ಲಿ ಕಳೆದ ವರ್ಷಗಳಲ್ಲಿ ಬೇರೆ ಹೆಂಗಸರು ಹೆಣಿಗೆ ಕಲಿತರಂತೆ, ಪಂಜಾಬಿ ಅಡುಗೆ ಕಲಿತರಂತೆ. ಅತ್ತೆ ಕಲಿತದ್ದು ಆಜ್ಞೆ ಕೊಡುವುದನ್ನು.

ಅವರ ಮನೆಗೆ ಸುಮ್ಮನೆ ಹೋಗಲಾಗುವುದಿಲ್ಲ. ನಾನೂ ಹಾಸನದಲ್ಲೇ ಇರುವವಳು. ನಡೆದರೆ ಹತ್ತು ನಿಮಿಷದ ದಾರಿ. ಆದರೂ ಫೋನ್ ಮಾಡಬೇಕು.

“ಅತ್ತೆ, ಭಾನುವಾರ ಬರ್ತೀವಿ.”

“ಎಷ್ಟು ಜನ?”

“ಇಬ್ರು.”

“ಎಷ್ಟೊತ್ತಿಗೆ? ಊಟಾನಾ, ಬರೀ ಕಾಫಿನಾ? ವಾಪಸ್ ಯಾವಾಗ?”

ಎಲ್ಲ ಹೇಳಿದ ಮೇಲೆ ಅತ್ತೆಯ ಪ್ರಸಿದ್ಧ ವಾಕ್ಯ ಬರುತ್ತದೆ: “ಠೀಕ್ ಹೈ. ಈಗ ಎಲ್ಲಾ ವಾಪಸ್ ಹೇಳು.” ನಾನು ಒಪ್ಪಿಸಬೇಕು: ಇಬ್ಬರು, ಹನ್ನೊಂದು ಗಂಟೆ, ಊಟ, ಮೂರಕ್ಕೆ ವಾಪಸ್. ಒಮ್ಮೆ ನಾನು ‘ಮೂರೂವರೆ’ ಎಂದುಬಿಟ್ಟೆ. ಮೊದಲಿನಿಂದ ಮತ್ತೆ ಶುರುವಾಯಿತು! ಪಕ್ಕದಲ್ಲಿ ಕೂತು ಕೇಳುತ್ತಿದ್ದ ನನ್ನ ಗಂಡ ಮೆಲ್ಲಗೆ ಹೇಳಿದರು, “ಪಾಸ್‌ಪೋರ್ಟಿನವರೂ ಇಷ್ಟು ಕೇಳಲಿಲ್ಲ ಕಣೆ.”

ಇನ್ನು ಅವರ ಅಡುಗೆಮನೆಯ ಕಪಾಟು. ಅಲ್ಲಿನ ಕಾನೂನು ಒಂದೇ: ಮೊದಲು ಒಳಗೆ ಬಂದದ್ದು ಮೊದಲು ಹೊರಗೆ ಹೋಗಬೇಕು. ಒಂದು ದಿನ ನಾನು ಹೋದಾಗ ಬೇಕರಿಯಿಂದ ಆಗ ತಾನೇ ತಂದ ಬೆಣ್ಣೆ ಬಿಸ್ಕತ್ತಿನ ಘಮ ಮನೆ ತುಂಬ ಹರಡಿತ್ತು. ತಟ್ಟೆಯಲ್ಲಿ ಬಂದದ್ದು ಮಾತ್ರ ಮೆತ್ತಗಾದ ಹಳೇ ಬಿಸ್ಕತ್ತು.

“ಅತ್ತೆ, ಘಮ ಬರ್ತಿದೆಯಲ್ಲ?”

“ಬರ್ಲಿ. ಅದರ ಸರದಿ ಬಂದಿಲ್ಲ.”

ಸರದಿ ಬರುವ ಹೊತ್ತಿಗೆ ಅದೂ ಮೆತ್ತಗಾಗಿರುತ್ತದೆ, ಹೊಸ ಪೊಟ್ಟಣ ಬಂದು ಘಮಘಮ ಎನ್ನುತ್ತಿರುತ್ತದೆ. ಆ ಮನೆಯಲ್ಲಿ ಗರಿಗರಿ ಬಿಸ್ಕತ್ತು ತಿಂದವರನ್ನು ನಾನು ಈವರೆಗೆ ಕಂಡಿಲ್ಲ.

ಆದರೆ ಅತ್ತೆ ಬರೀ ಜೋರಿನವರಾಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಒಮ್ಮೆ ನನ್ನ ಕೈಯಲ್ಲಿ ಒಂದು ರುಬ್ಬುವ ಜಾರ್ ಕೊಟ್ಟು ಅರಕಲಗೂಡಿನ ದೊಡ್ಡಪ್ಪನ ಮನೆಗೆ ಕಳಿಸಿದರು. ಜೊತೆಗೊಂದು ಚೀಟಿ. ಮೊದಲನೇ ಯೋಜನೆ: ಒಂಬತ್ತರ ಬಸ್ಸು. ಎರಡನೇ ಯೋಜನೆ: ಅದು ತಪ್ಪಿದರೆ ಹೊಳೆನರಸೀಪುರಕ್ಕೆ ರೈಲು, ಅಲ್ಲಿಂದ ಬೇರೆ ಬಸ್ಸು. ನಾನು ನಗುತ್ತಾ ಕೇಳಿದೆ, “ಎರಡೂ ಆಗ್ದಿದ್ರೆ ನಿಮಗೆ ಫೋನ್ ಮಾಡ್ಲಾ?”

ಅತ್ತೆ ನಗಲಿಲ್ಲ. “ಮಾಡ್ಬೇಡ. ನಾನು ಹಾಸನದಲ್ಲಿ ಕೂತಿರ್ತೀನಿ, ನನಗೇನು ಕಾಣ್ತದೆ? ಅಲ್ಲಿರೋಳು ನೀನು. ಕಣ್ಣಿಗೆ ಕಾಣೋದು ನಿನಗೆ. ಯಾಕೆ ಹೋಗ್ತಿದ್ದೀಯ ಅಂತ ಗೊತ್ತಿದ್ರೆ ಸಾಕು, ಹೆಂಗೆ ಹೋಗ್ಬೇಕು ಅಂತ ನೀನೇ ತೀರ್ಮಾನ ಮಾಡು.”

ನನ್ನ ಜೀವನದಲ್ಲಿ ಯಾವ ಮೇಲಧಿಕಾರಿಯೂ ನನ್ನನ್ನು ಇಷ್ಟು ನಂಬಿರಲಿಲ್ಲ. ಅದೂ ಒಂದು ಜಾರ್ ವಿಷಯದಲ್ಲಿ! (ಈ ಮಾತುಗಳನ್ನು ಅವರು ಹೀಗೇ ಹೇಳಿದರೇ? ನಾನು ದಿನಚರಿ ಬರೆಯುವವಳು. ಅಂದಿನ ಪುಟದಲ್ಲಿ ‘ಜಾರ್ ತಲುಪಿಸಿದೆ, ಮುಚ್ಚಳ ಬಸ್ಸಿನಲ್ಲೇ ಉಳಿಯಿತು’ ಎಂದಷ್ಟೇ ಇದೆ. ಉಳಿದದ್ದು ನೆನಪು ಸೇರಿಸಿದ್ದು. ನೆನಪು ಎಷ್ಟು ಸೇರಿಸುತ್ತದೆ, ಎಷ್ಟು ಕಳೆಯುತ್ತದೆ ಎಂದು ನನಗೆ ಯಾವಾಗಲೂ ಅನುಮಾನ.)

ನೆನಪಿನ ಮಾತು ಬಂದದ್ದರಿಂದ ಹೇಳಬೇಕು. ಎರಡು ವರ್ಷದಿಂದ ಮಾವನ ನೆನಪು ಸವೆಯುತ್ತಿದೆ. ಮೊದಲು ಹೆಸರುಗಳು ಹೋದವು, ಆಮೇಲೆ ದಾರಿಗಳು. ಡಾಕ್ಟರು ಅದಕ್ಕೆ ಒಂದು ಉದ್ದನೆಯ ಹೆಸರು ಹೇಳಿದ್ದಾರೆ. ಅತ್ತೆ ಆ ಹೆಸರು ಬಳಸುವುದಿಲ್ಲ. “ಸಾಹೇಬ್ರ ಲೈನು ಆಗಾಗ ಕಟ್ ಆಗ್ತದೆ, ಅಷ್ಟೆ” ಎನ್ನುತ್ತಾರೆ. ಗಂಡನನ್ನು ಅವರು ಕರೆಯುವುದೇ ಸಾಹೇಬ್ರೇ ಎಂದು. ಆಜ್ಞೆ ಮಾತ್ರ ಸಾಹೇಬರಿಗೂ ತಪ್ಪಿದ್ದಲ್ಲ. “ಸಾಹೇಬ್ರೇ, ಈರುಳ್ಳಿ ಎಣಿಸಿ.” ಮಾವ ಎಣಿಸುತ್ತಾರೆ. “ಸಾಹೇಬ್ರೇ, ಅಕ್ಕಿ ಎಷ್ಟಿದೆ ನೋಡಿ ಬರೀರಿ.” ಬರೆಯುತ್ತಾರೆ. ಬೆಳಿಗ್ಗೆ ತಿಂದ ತಿಂಡಿ ಮಧ್ಯಾಹ್ನಕ್ಕೆ ಮರೆತುಹೋಗುವ ಮನುಷ್ಯ, ಅಕ್ಕಿಯ ಲೆಕ್ಕದಲ್ಲಿ ಒಂದು ಪಾವು ತಪ್ಪುವುದಿಲ್ಲ!

ಹೀಗಿರುವಾಗ ಚನ್ನರಾಯಪಟ್ಟಣದ ಚಿಕ್ಕಪ್ಪನ ಮಗಳ ಮದುವೆಯಾಯಿತು. ಮದುವೆಯಾದ ಮೇಲೆ ಬೀಗರ ಊಟ ಇದೆಯಲ್ಲ! ಗಂಡಿನ ಕಡೆಯವರನ್ನು ಕರೆದು ಮಟನ್ನು, ಮುದ್ದೆ ಬಡಿಸುವ ಆ ಊಟ ನಮ್ಮ ಕಡೆ ಮದುವೆಗಿಂತ ದೊಡ್ಡದು. ಧಾರೆಯಲ್ಲಿ ಮಂತ್ರ ತಪ್ಪಿದರೆ ಯಾರಿಗೂ ಗೊತ್ತಾಗುವುದಿಲ್ಲ. ಬೀಗರ ಊಟದಲ್ಲಿ ಏನಾದರೂ ತಪ್ಪಿದರೆ ಮೂರು ತಲೆಮಾರು ಆಡಿಕೊಳ್ಳುತ್ತಾರೆ. ನಮ್ಮ ಮನೆತನಕ್ಕೆ ಆಗಲೇ ಒಂದು ಕಳಂಕ ಅಂಟಿತ್ತು: ದೊಡ್ಡಪ್ಪನ ಮಗಳ ಬೀಗರ ಊಟದಲ್ಲಿ ಕೊನೇ ಪಂಕ್ತಿಗೆ ಮೊಸರು ಸಾಲಲಿಲ್ಲ. ಇವತ್ತಿಗೂ ಆ ಬೀಗರ ಮನೆಗೆ ಹೋದರೆ ನಮಗೆ ಮೊದಲು ಮೊಸರನ್ನೇ ಬಡಿಸುತ್ತಾರೆ. “ತಿನ್ನಿ ತಿನ್ನಿ, ನಿಮ್ ಕಡೆ ಕಮ್ಮಿ ಅಲ್ವಾ?”

ಅತ್ತೆ ಮೂವರು ತಮ್ಮಂದಿರನ್ನೂ ಹಾಸನಕ್ಕೆ ಕರೆಸಿದರು. ಜಗಲಿಯ ಮೇಲೆ ರಂಗೋಲಿ ಪುಡಿಯಲ್ಲಿ ಭೂಪಟ ಬರೆದರು. ಮಧ್ಯೆ ಹಾಸನ. ದಕ್ಷಿಣಕ್ಕೆ ಅರಕಲಗೂಡು, ಹೊಳೆನರಸೀಪುರ, ನಡುವೆ ವಯ್ಯಾರವಾಗಿ ಹೇಮಾವತಿ. ಪೂರ್ವಕ್ಕೆ ಚನ್ನರಾಯಪಟ್ಟಣ. ವಾಹನಗಳ ಜಾಗದಲ್ಲಿ ಡಬ್ಬಿ ಮುಚ್ಚಳಗಳು.

“ಲೇ, ಕಾಲ್ ತೆಗಿಯೋ! ಶಾಂತಿಗ್ರಾಮದ ಮೇಲೆ ನಿಂತಿದ್ದೀಯ!”

ಚಿಕ್ಕಪ್ಪ ಬೆಚ್ಚಿ ಹಿಂದಕ್ಕೆ ಜಿಗಿದರು. ಹಿಮ್ಮಡಿಗೆ ಹಾಸನ ಅರ್ಧ ಅಳಿಸಿಹೋಯಿತು.

ಅತ್ತೆ ವಿವರಿಸಿದರು: ನಾವು ಮೂರು ಪಡೆಗಳು. ಅರಕಲಗೂಡಿನ ದೊಡ್ಡಪ್ಪ ಶುಂಠಿ ಸಾಗಿಸುವ ಟೆಂಪೋ ಇಟ್ಟುಕೊಂಡವರು, ಆದ್ದರಿಂದ ಭೂಸೇನೆ. ಹೊಳೆನರಸೀಪುರದ ನಮ್ಮ ಅಪ್ಪ ಹೊಳೆ ದಂಡೆಯವರು, ಆದ್ದರಿಂದ ನೌಕಾಸೇನೆ. (ಅಪ್ಪನಿಗೆ ಈಜು ಬರುವುದಿಲ್ಲ ಎಂದು ನಾನು ಹೇಳಹೋಗಲಿಲ್ಲ.) ಹೊಸ ಕಾರು ಕೊಂಡು ಶಬ್ದ ಮಾಡುತ್ತಾ ಬಂದು ಶಬ್ದ ಮಾಡುತ್ತಾ ಹೋಗುವ ಚಿಕ್ಕಪ್ಪ ವಾಯುಸೇನೆ. ಮೂರೂ ಸೇರಿ ಒಂದೇ ಕಾರ್ಯಾಚರಣೆ. ಆಜ್ಞೆ ಒಂದೇ ಬಾಯಿಂದ.

“ಯಾರ್ ಬಾಯಿಂದ?” ದೊಡ್ಡಪ್ಪ ಕೇಳಿದರು. “ನಾನ್ ಇವ್ರಿಬ್ರಿಗೂ ದೊಡ್ಡೋನು ಕಣಕ್ಕ.”

“ಮದ್ವೆ ನನ್ ಮಗ್ಳುದು ಕಣಣ್ಣ!” ಎಂದರು ಚಿಕ್ಕಪ್ಪ.

“ಅಡ್ಗೆಯೋರ್ನ ಒಪ್ಸಿದ್ದು ನಾನು” ಎಂದರು ಅಪ್ಪ.

“ಮೂರು ಬಾಯಿ ಇದಾವೆ, ಕಿವಿ ಒಂದೂ ಇಲ್ಲ” ಎಂದರು ಅತ್ತೆ. “ಆಜ್ಞೆ ನಂದು. ವಾಪಸ್ ಹೇಳಿ.” ಮೂವರೂ, ಅರವತ್ತರ ಆಸುಪಾಸಿನ ಮೂವರು ಗಂಡಸರು, ಶಾಲೆಯ ಮಕ್ಕಳ ಹಾಗೆ ಹೇಳಿದರು: “ಆಜ್ಞೆ ಅಕ್ಕಂದು.”

ಆಮೇಲೆ ಅತ್ತೆ ಮಾವನ ಕಾಲದ ಒಂದು ಕಥೆ ಹೇಳಿದರು. ಸಮುದ್ರದ ದಂಡೆಯಲ್ಲಿ ಮೂರೂ ಪಡೆಗಳು ಸೇರಿ ಒಂದು ದೊಡ್ಡ ತಾಲೀಮು ನಡೆಸಿದ್ದವಂತೆ. ಒಬ್ಬರು ಏನು ತರುತ್ತಾರೆಂದು ಇನ್ನೊಬ್ಬರು ಕೇಳಲಿಲ್ಲ. ಹಡಗಿನಲ್ಲಿ ಹಿಟ್ಟು ಬಂತು. ವಿಮಾನದಿಂದ ಹಿಟ್ಟು ಬಿತ್ತು. ಲಾರಿಯಲ್ಲಿ ಹಿಟ್ಟು ಬಂತು. ಒಲೆ ಹಚ್ಚಲು ಎಣ್ಣೆ ಯಾರೂ ತರಲಿಲ್ಲ! “ಅದಕ್ಕೇ ಹೇಳೋದು. ಅವರವರ ಪಾಲು ಅವರವರು ತರ್ಬೇಕು, ಇನ್ನೊಬ್ರನ್ನ ನಂಬ್ಬೇಕು. ಮೊಸರು ಅರವತ್ತು ಲೀಟರ್ ಬೇಕು. ಒಬ್ಬೊಬ್ರು ಇಪ್ಪತ್ತು. ತಿಳೀತಾ?”

ತಿಳಿಯಿತು ಎಂದು ಮೂವರೂ ಒಪ್ಪಿಸಿದರು. ಕೊನೆಗೆ ಅತ್ತೆ ಹೇಳಿದರು, “ಉಗ್ರಾಣ ಸಾಹೇಬ್ರದು.”

ಮೂವರೂ ಮಾವನ ಕಡೆ ತಿರುಗಿದರು. ಬೀಗರ ಊಟದಲ್ಲಿ ಉಗ್ರಾಣ ಎಂದರೆ ಸಾಮಾನು ಬರುವ, ಹೋಗುವ ಬಾಗಿಲು. ಅಲ್ಲಿ ನಿಂತವನ ತಲೆ ನೆಟ್ಟಗಿರಬೇಕು. ಮಾವ ಕುರ್ಚಿಯಲ್ಲಿ ಕೂತು ಭೂಪಟವನ್ನೇ ನೋಡುತ್ತಿದ್ದರು, ರಂಗೋಲಿ ಚೆನ್ನಾಗಿದೆ ಎನ್ನುವಂತೆ.

ಚಿಕ್ಕಪ್ಪ ದನಿ ತಗ್ಗಿಸಿದರು. “ಅಕ್ಕ, ಬ್ಯಾಸ್ರ ಮಾಡ್ಕಬ್ಯಾಡ. ಭಾವಂಗೆ ಒಳ್ಳೆ ಕುರ್ಚಿ ಹಾಕ್ಸ್ತೀನಿ, ಫ್ಯಾನ್ ಹಾಕ್ಸ್ತೀನಿ, ಆರಾಮಾಗಿ ಕೂತ್ಕಂಡ್ರೆ ಆಯ್ತು. ಬೀಗ್ರ ಮುಂದೆ ಯಾನಾರ ಎಡವಟ್ಟಾದ್ರೆ...”

“ಕುರ್ಚಿ ಹಾಕಿ ಕೂರಿಸಿದ ದಿನ ಅವ್ರು ಮತ್ತೆ ಏಳಲ್ಲ ಕಣೋ” ಎಂದರು ಅತ್ತೆ. ದನಿಯಲ್ಲಿ ಮಿಲಿಟರಿ ಇರಲಿಲ್ಲ. ಮರುಕ್ಷಣವೇ ವಾಪಸ್ ಬಂತು. “ಇದೊಂದು ಸಲ. ಒಂದು ತಪ್ಪಾದ್ರೂ ಸರಿ, ಇನ್ನು ಯಾವ ಸಮಾರಂಭದಲ್ಲೂ ಅವ್ರಿಗೆ ಕೆಲ್ಸ ಕೊಡು ಅಂತ ನಾನು ಕೇಳಲ್ಲ. ನಾನೇ ಕುರ್ಚಿ ಹಾಕ್ತೀನಿ.”

“ಒಂದ್ ತಪ್ಪಾದ್ರೂ” ಎಂದು ಚಿಕ್ಕಪ್ಪ ವಾಪಸ್ ಹೇಳಿದರು. ಹಾಗೆ ಹೇಳಿ ಎಂದು ಅವರನ್ನು ಯಾರೂ ಕೇಳಿರಲಿಲ್ಲ.

ಬೀಗರ ಊಟ ನಡೆದದ್ದು ಚನ್ನರಾಯಪಟ್ಟಣದ ಹೊರಗೆ ಚಿಕ್ಕಪ್ಪನ ತೆಂಗಿನ ತೋಟದಲ್ಲಿ. ಶಾಮಿಯಾನ ಒಂದು ಕಡೆ, ಒಲೆಗಳು ಒಂದು ಕಡೆ, ಹಿಂದಿನ ಪಂಪ್‌ಹೌಸಿನಲ್ಲಿ ಉಗ್ರಾಣ. ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಒಂದು ನೋಟ್‌ಬುಕ್, ಕಿವಿಯ ಮೇಲೆ ಪೆನ್ಸಿಲ್. ಅತ್ತೆ ಬೆಳಿಗ್ಗೆಯಿಂದ ಅಲ್ಲಿಗೆ ಸುಳಿಯಲಿಲ್ಲ. ನಾನು ಯಾಕೆಂದು ಕೇಳಿದೆ.

“ಕೆಲ್ಸ ಕೊಟ್ಮೇಲೆ ಹಿಂದೆ ನಿಂತು ಇಣುಕ್ಬಾರ್ದು” ಎಂದರು. ಆದರೆ ಪ್ರತಿ ಐದು ನಿಮಿಷಕ್ಕೆ ನನ್ನನ್ನು ಇಣುಕಲು ಕಳಿಸಿದರು!

ಹನ್ನೊಂದೂವರೆಗೆ ಅನಾಹುತವಾಯಿತು. ಕಾಯಿ ಎಷ್ಟಿದೆ ನೋಡೋಣವೆಂದು ಉಗ್ರಾಣದ ಬಾಗಿಲಿಗೆ ಹೋದ ಚಿಕ್ಕಪ್ಪ, ಮಾವನ ನೋಟ್‌ಬುಕ್ ಹಿಡಿದುಕೊಂಡು ಒಲೆಗಳ ಹತ್ತಿರ ಓಡಿಬಂದರು. ಅಲ್ಲಿ ಅತ್ತೆ, ದೊಡ್ಡಪ್ಪ, ಅಪ್ಪ ಮೂವರೂ ಇದ್ದರು.

“ನೋಡಕ್ಕ! ನಾನೇಳ್ಳಿಲ್ವಾ? ಮೊಸರು ಅರವತ್ ಲೀಟ್ರು. ಕೆಳ್ಗೆ ಮತ್ತೆ ಮೊಸರು ಅರವತ್ ಲೀಟ್ರು. ಮತ್ತೆ ಮೊಸರು ಅರವತ್ತು. ಮತ್ತೆ! ಒಂದೇ ಮೊಸರ್ನ ನಾಕ್ ಸತಿ ಬರ್ದವ್ರೆ!”

ಅತ್ತೆ ಪುಸ್ತಕ ತೆಗೆದುಕೊಂಡರು. ನಾನೂ ಬಗ್ಗಿ ನೋಡಿದೆ. ಮುತ್ತಿನಂಥ ಅಕ್ಷರ. ನಾಲ್ಕು ಸಾಲು. ನಾಲ್ಕೂ ಒಂದೇ.

ಅತ್ತೆಯ ಮುಖ ಅಷ್ಟು ಬಾಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಸೆರಗಿನಿಂದ ಪುಸ್ತಕದ ಮೇಲಿನ ಧೂಳು ಒರೆಸಿದರು. ಧೂಳೇ ಇರಲಿಲ್ಲ. “ಸರಿ” ಎಂದರು. “ಒಂದು ಕುರ್ಚಿ ತಗೊಂಡ್ ಬಾರೋ.”

ವಿಚಿತ್ರವೆಂದರೆ ಅಷ್ಟು ಹೊತ್ತೂ ಬಾಯಿಗೆ ಬೀಗವಿಲ್ಲದ ದೊಡ್ಡಪ್ಪ ಆಕಾಶ ನೋಡುತ್ತಿದ್ದರು. ಅಪ್ಪ ಚಪ್ಪಲಿ ನೋಡುತ್ತಿದ್ದರು. ನನಗೆ ಏನೋ ಅನುಮಾನ ಬಂತು. ಇಪ್ಪತ್ತು ಇಪ್ಪತ್ತು ತರಬೇಕಾದಲ್ಲಿ ಅರವತ್ತು ಎಂಬ ಅಂಕಿ ಎಲ್ಲಿಂದ ಬಂತು? ಹೇಳದೆ ಕೇಳದೆ ಪಂಪ್‌ಹೌಸಿಗೆ ಹೋದೆ.

ಒಳಗೆ ತಂಪು. ನಾಲ್ಕು ಮೂಲೆ. ಒಂದೊಂದು ಮೂಲೆಯಲ್ಲೂ ಇಪ್ಪತ್ತು ಲೀಟರಿನ ಮೂರು ಮೂರು ಹಾಲಿನ ಕ್ಯಾನ್, ಮೇಲೆ ಒದ್ದೆ ಗೋಣಿಚೀಲ. ಗೋಡೆಯ ಮೇಲೆ ಮಾವ ಸೀಮೆಸುಣ್ಣದಲ್ಲಿ ಬರೆದ ಊರುಗಳು: ಅರಕಲಗೂಡು. ಹೊಳೆನರಸೀಪುರ. ಚನ್ನರಾಯಪಟ್ಟಣ. ಹಾಸನ. ಒಂದೊಂದೇ ಮುಚ್ಚಳ ತೆಗೆದು ನೋಡಿದೆ. ಮೊಸರು, ಮೊಸರು, ಮೊಸರು, ಮೊಸರು! ದಿನಚರಿಯಲ್ಲಿ ಹನ್ನೆರಡು ಕ್ಯಾನ್ ಎಂದಿದೆ. ನೆನಪಿನಲ್ಲಿ ನೂರಾದರೂ ಇವೆ.

ಓಡಿಬಂದು ಕೂಗಿದೆ, “ನಾಲ್ಕೂ ಇದಾವೆ! ಮಾವ ಬರ್ದಿರೋದು ಸರಿಯಾಗೇ ಇದೆ!”

ವಿಚಾರಣೆ ನಡೆಯಿತು. ದೊಡ್ಡಪ್ಪ ಮೊದಲು ಒಪ್ಪಿಕೊಂಡರು. “ಇವ್ರಿಬ್ರುನ್ನೂ ನಂಬ್ಕಂಡು ಇನ್ನೊಂದ್ ಸತಿ ಮಾನ ಕಳ್ಕಳಾದಾ? ಅದ್ಕೇ ಪೂರಾ ನಾನೇ ತಂದ್ಬುಟ್ಟೆ.” ಅಪ್ಪನೂ ಅದನ್ನೇ ಹೇಳಿದರು, ದೊಡ್ಡಪ್ಪನ ಹೆಸರು ಹಾಕಿ. ಚಿಕ್ಕಪ್ಪನಂತೂ ‘ಅರವತ್ತು’ ಎಂದು ಓದಿದಾಗ ಅದು ತಾವು ತಂದಿಟ್ಟ ಅರವತ್ತೇ ಎಂದುಕೊಂಡಿದ್ದರು! ಹಡಗು, ವಿಮಾನ, ಲಾರಿಯ ಕಥೆಯಿಂದ ಮೂವರೂ ಕಲಿತ ಪಾಠ ಒಂದೇ: ಇನ್ನೊಬ್ಬ ಖಂಡಿತ ಕೈಕೊಡುತ್ತಾನೆ.

“ಅದು ಮೂರಾಯ್ತು” ಎಂದೆ ನಾನು. “ಹಾಸನದ್ದು ಯಾರು ತಂದಿದ್ದು?”

ಈಗ ಅತ್ತೆ ಆಕಾಶ ನೋಡಿದರು.

“ಅತ್ತೆ! ಇನ್ನೊಬ್ರನ್ನ ನಂಬ್ಬೇಕು ಅಂದ್ರಲ್ಲ?”

“ನಂಬಿಕೆ ಬೇರೆ, ರಿಸರ್ವ್ ಬೇರೆ” ಎಂದರು ಅತ್ತೆ. “ಶಾಂತಿಗ್ರಾಮದ ಡೈರಿಯೋರಿಗೆ ಹೇಳಿ ತರಿಸಿದ್ದೆ. ಗೊತ್ತಿದ್ದದ್ದು ಸಾಹೇಬ್ರಿಗೆ ಮಾತ್ರ. ಅವ್ರು ಮರ್ತು ನಾಲ್ಕು ಸಲ ಬರೆದ್ರು ಅಂದ್ಕೊಂಡೆ ನಾನೂನೂ.” ಕೊನೆಯ ಮಾತು ಬಹಳ ಮೆಲ್ಲಗೆ ಬಂತು.

ದೊಡ್ಡಪ್ಪನಿಗೆ ನಗು ತಡೆಯಲಾಗಲಿಲ್ಲ. “ಇಡೀ ದಂಡ್ನಲ್ಲಿ ತಲೆ ನೆಟ್ಟಗಿರಾದು ಭಾವಂದೊಂದೇ ಕಣ್ರಲಾ!”

ಸರಿ, ಇನ್ನೂರ ನಲವತ್ತು ಲೀಟರ್ ಮೊಸರನ್ನು ಏನು ಮಾಡುವುದು? ಬಿಸಿಲು ಏರುತ್ತಿತ್ತು. ಸಂಜೆಗೆ ಹುಳಿಯಾಗುತ್ತದೆ. ಮಜ್ಜಿಗೆ ಮಾಡಿ ಎಂದರು ಅಪ್ಪ. ದನಗಳಿಗೆ ಹುಯ್ಯಿರಿ ಎಂದರು ಚಿಕ್ಕಪ್ಪ. ಮೂವರೂ ಒಬ್ಬರ ಮೇಲೊಬ್ಬರು ಕೂಗಾಡುತ್ತಿದ್ದಾಗ ಪುಸ್ತಕ ಹುಡುಕಿಕೊಂಡು ಮಾವ ಬಂದರು. ಕೂಗಾಟ ಸ್ವಲ್ಪ ಹೊತ್ತು ಕೇಳಿಸಿಕೊಂಡರು.

“ಜಾಸ್ತಿ ಬಂದಿದೆಯಾ?” ಎಂದರು.

ಅಪ್ಪ ಹೌದೆಂದು ತಲೆಯಾಡಿಸಿದರು.

“ಹಾಳಾಗೋ ಮಾಲು. ಇಟ್ಕೋಬಾರ್ದು. ಇವತ್ತೇ ಇಶ್ಯೂ ಆಗ್ಬೇಕು. ಊಟ ಆದ್ಮೇಲೆ ಎಲ್ಲಾ ಯೂನಿಟ್ಟಿಗೂ ಹಂಚೋಣ. ದೂರದ ಪೋಸ್ಟಿನೋರು ಮೊದ್ಲು.” ಅತ್ತೆಯ ಕೈಯಿಂದ ಪುಸ್ತಕ ತೆಗೆದುಕೊಂಡು ಹೊರಟುಹೋದರು. ಇಪ್ಪತ್ತು ವರ್ಷದಲ್ಲಿ ಮಾವ ಒಂದು ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಹಾಗೆಯೇ ಆಯಿತು! ಊಟ ಮುಗಿದು ಎಲೆ ಅಡಿಕೆ ಹಾಕಿಕೊಂಡ ಬೀಗರು ಟಿಫನ್ ಡಬ್ಬಿ, ತಂಬಿಗೆ, ಖಾಲಿ ನೀರಿನ ಬಾಟಲಿ, ಯಾರದೋ ಹೊಸ ಕುಕ್ಕರ್ ಹಿಡಿದು ಪಂಪ್‌ಹೌಸಿನ ಮುಂದೆ ಸಾಲು ನಿಂತರು. ಮಾವ ಮೇಜಿನ ಹಿಂದೆ ಸೌಟು ಹಿಡಿದು ನಿಂತು ಒಬ್ಬೊಬ್ಬರನ್ನೂ ಕೇಳಿದರು, “ಯಾವ ಯೂನಿಟ್ಟು?”

“ನುಗ್ಗೇಹಳ್ಳಿ ಸಾ.”

“ಎಷ್ಟು ಜನ?”

“ಐದ್ ಜನ ಸಾ.”

ಬರೆದರು, ಹುಯ್ದರು. ಮೊದಲು ನಗುತ್ತಿದ್ದವರು ಮಾವನ ಮುಂದೆ ಬರುತ್ತಲೇ ನೆಟ್ಟಗೆ ನಿಲ್ಲುತ್ತಿದ್ದರು. ಗಂಡಿನ ಅಜ್ಜಿ ತುಂಬಿದ ತಂಬಿಗೆ ಸೊಂಟಕ್ಕೆ ಇಟ್ಟುಕೊಂಡು ಅತ್ತೆಗೆ ಹೇಳಿದರು, “ಉಣ್ಣಾಕಿಕ್ಕಿದ್ದಲ್ದೆ ಮೊಸರ್ನೂ ಕಟ್ಟಿ ಕಳ್ಸೋ ಬೀಗರ್ನ ಇದೇ ಮೊದ್ಲು ನೋಡಿದ್ದು ಕಣವ್ವ!” ಚಿಕ್ಕಪ್ಪನ ಎದೆ ಎರಡಂಗುಲ ಉಬ್ಬಿತು. ಅತ್ತೆಯ ಪಕ್ಕಕ್ಕೆ ಬಂದು ನಿಂತರು. “ಸೀಮಂತಕ್ಕೂ ಉಗ್ರಾಣ ಭಾವಂದೇ ಕಣಕ್ಕ” ಎಂದರು.

ಮೂರು ಗಂಟೆಯಾಗಿತ್ತು, ಮಾವ ಇನ್ನೂ ಊಟ ಮಾಡಿರಲಿಲ್ಲ. ಅವರನ್ನು ಕರೆಯಲು ಅತ್ತೆ ಸಾಲಿನ ಪಕ್ಕದಿಂದ ಮೇಜಿನ ಮುಂದೆ ಹೋದರು. ನಾನು ಹಿಂದೆಯೇ ಇದ್ದೆ.

ಮಾವ ತಲೆಯೆತ್ತಿ ನೋಡಿದರು. ಪೆನ್ಸಿಲ್ ಕಾಗದದ ಮೇಲೆ ಇಟ್ಟರು.

“ನೀವು ಯಾವ ಯೂನಿಟ್ಟು?”

ತಮಾಷೆಯಾಗಿರಬಹುದು ಎಂದುಕೊಂಡೆ. ಮಾವನ ಕಣ್ಣು ನೋಡಿದೆ. ಅದು ಎಲ್ಲ ಬೀಗರನ್ನೂ ಕೇಳಿದ ಅದೇ ಮರ್ಯಾದೆಯ ಕಣ್ಣು. ಐವತ್ತು ವರ್ಷ ಜೊತೆಗಿದ್ದ ಹೆಂಡತಿಯ ಗುರುತು ಅದರಲ್ಲಿರಲಿಲ್ಲ. ನಾನು ‘ಮಾವ’ ಎನ್ನಲು ಬಾಯಿ ತೆರೆದೆ. ಅತ್ತೆ ತಿರುಗದೆಯೇ ಹಿಂದಕ್ಕೆ ಕೈ ಮಾಡಿ ನನ್ನನ್ನು ತಡೆದರು.

“ನಿಮ್ಮದೇ ಯೂನಿಟ್ಟು” ಎಂದರು.

“ನಮ್ಮದಾ?” ಮಾವನ ಮುಖ ಅರಳಿತು. ಸ್ವಲ್ಪ ಬಗ್ಗಿ, ಬೇರೆಯವರಿಗೆ ಕೇಳಿಸದ ಹಾಗೆ ಹೇಳಿದರು, “ಹಂಗಾದ್ರೆ ಬೇಜಾರು ಮಾಡ್ಕೋಬೇಡಿ, ಕೊನೇಲಿ ನಿಂತ್ಕೊಳಿ. ಬೇರೆಯೋರಿಗೆಲ್ಲಾ ಆಗ್ಲಿ. ನಮ್ಮೋರು ಕೊನೆಗೆ.”

“ಸರಿ” ಎಂದರು ಅತ್ತೆ.

ಯಾರ ಮಾತನ್ನೂ ಕೇಳದ ನಮ್ಮ ಅತ್ತೆ ಮೇಜಿನ ಮೇಲಿದ್ದ ಒಂದು ಖಾಲಿ ಲೋಟ ತೆಗೆದುಕೊಂಡು ನಡೆದುಹೋಗಿ, ಪಾತ್ರೆ ತೊಳೆಯುವ ಹೆಂಗಸರ ಹಿಂದೆ, ಸಾಲಿನ ಕೊನೆಯಲ್ಲಿ ನಿಂತರು. “ಬನ್ನಿ ಅಕ್ಕಾ, ಮುಂದಕ್ಕೆ ಬನ್ನಿ” ಎಂದು ಅವರು ಜಾಗ ಬಿಟ್ಟರೂ ಹೋಗಲಿಲ್ಲ. ಬಿಸಿಲಿನಲ್ಲಿ ಅರ್ಧ ಗಂಟೆ ನಿಂತರು. ಕಾಲು ಗಂಟೆಯೇ ಇರಬಹುದು. ನನಗೆ ಅರ್ಧ ಗಂಟೆ.

ಸರದಿ ಬಂದಾಗ ಮಾವ ಲೋಟದ ತುಂಬ ಮೊಸರು ಹಾಕಿದರು. ಪುಸ್ತಕ ಮುಚ್ಚಿದರು.

“ಊಟ ಆಯ್ತಾ ನಿಮ್ದು?” ಎಂದು ಕೇಳಿದರು.

“ಇಲ್ಲ. ನಿಮ್ದು?”

“ನಂದೂ ಇಲ್ಲ” ಎಂದರು ಮಾವ. ಮೇಜಿನ ಹಿಂದಿನಿಂದ ಈಚೆ ಬಂದು, ಅತ್ತೆಯ ಕೈಯಿಂದ ಆ ಲೋಟ ಇಸಿದುಕೊಂಡರು, ಭಾರವಿದೆಯೇನೋ ಎಂಬಂತೆ. “ಬನ್ನಿ, ಒಟ್ಟಿಗೇ ಕೂರೋಣ.”